ಭಾಗೀರಥಿ ಟೀಚರ ಗಾಂಧಾರ

ಕಳಸದಿಂದ ಸಂಸೆಯವರೆಗಿನ ಸೀಮೆಯಲ್ಲಿ ರವಿಶಂಕರನ ಎಡಗಿವಿಗೆ ಇರುವಷ್ಟು ಕೀರ್ತಿ ಯಾವ ಶಾಸಕರಿಗೂ ಇಲ್ಲ. ಆ ಕಿವಿಯನ್ನು ಅವನು ಸಿಕ್ಕಿದ್ದಕ್ಕೆಲ್ಲ ಒತ್ತಿ ಇಡುತ್ತಾನೆ. ಜೀಪಿನ ಬಾನೆಟ್ಟು, ಕಾಫಿ ಹಣ್ಣು ಸುಲಿಯುವ ಪಲ್ಪರು, ನೀರಿನ ಪೈಪು, ಸೊಸೈಟಿಯ ಕಬ್ಬಿಣದ ಕಪಾಟು, ಯಾವುದೂ ಬಾಕಿಯಿಲ್ಲ. ಮೂಡಿಗೆರೆ ಕಡೆಯವರು ಹೇಳುವ ಪ್ರಕಾರ, ಅವನು ಒಮ್ಮೆ ನೆಲಕ್ಕೆ ಕಿವಿ ಇಟ್ಟು ಜಾವಳಿ ಊರು ದಾಟಿ ಬರುತ್ತಿದ್ದ ಆನೆ ಗಂಡೆಂದು ಹೇಳಿದನಂತೆ. ಸಂಸೆಯವರು ಇದನ್ನು ಒಪ್ಪುವುದಿಲ್ಲ. ಅವನು ಹೇಳಿದ್ದು ಆನೆಯ ವಯಸ್ಸನ್ನು ಎಂದು ಅವರ ವಾದ. ಎರಡು ಪಂಗಡದ ನಡುವೆ ಇನ್ನೂ ರಾಜಿಯಾಗಿಲ್ಲ, ಆನೆಯನ್ನಂತೂ ಯಾರೂ ಕೇಳಿಲ್ಲ.

ಹೆಣ್ಣು ನೋಡಲು ಹೋದಾಗಿನ ಕಥೆಗೆ ಮಾತ್ರ ಸಾಕ್ಷಿಗಳಿದ್ದಾರೆ. ಕಾಫಿ ತಂದಿಟ್ಟ ಹಿತ್ತಾಳೆ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅದಕ್ಕೆ ಕಿವಿ ಇಟ್ಟು, ನಾದ ಪೂರ್ತಿ ಅಡಗುವವರೆಗೆ ಕಣ್ಣು ಮುಚ್ಚಿ ಕೂತ. ಹುಡುಗಿಯ ಅಪ್ಪ ಅಲ್ಲೇ ಸಂಬಂಧ ಬೇಡವೆಂದು ನಿರ್ಧರಿಸಿದರು. ಹುಡುಗಿ ಗಾನಶ್ರೀಯ ಯೋಚನೆ ಬೇರೆ. ತಟ್ಟೆಗೆ ಇಷ್ಟು ಕಿವಿ ಕೊಡುವವನು ಹೆಂಡತಿಗೆ ಎಷ್ಟು ಕೊಡಬಹುದು ಎಂದುಕೊಂಡು ಒಪ್ಪಿದಳು. ‘ಅಲ್ಲೇ ಮೋಸ ಹೋದೆ’ ಎಂದು ಈಗ ಬಂದವರಿಗೆಲ್ಲ ಹೇಳುತ್ತಾಳೆ. ರವಿಶಂಕರ ಪಕ್ಕದಲ್ಲೇ ಇರುತ್ತಾನೆ, ಕೇಳಿಸಿಕೊಂಡಿರುವುದಿಲ್ಲ.

ಅವನ ಅಪ್ಪ ಸಂಸೆಯಲ್ಲಿ ಪೌರೋಹಿತ್ಯ ಮಾಡುತ್ತಿದ್ದರು. ಮನೆತನದಲ್ಲಿ ಎಲ್ಲರಿಗೂ ಒಳ್ಳೆಯ ದನಿಯಿತ್ತು. ರವಿಶಂಕರನ ಸರದಿ ಬರುವಾಗ ದಾಸ್ತಾನು ಮುಗಿದಿತ್ತು. ಚಿಕ್ಕವನಿದ್ದಾಗ ಗೃಹಪ್ರವೇಶವೊಂದರಲ್ಲಿ ಅವನು ಅಪ್ಪನ ಜೊತೆ ಮಂತ್ರ ಹೇಳಿದ್ದನ್ನು ಕೇಳಿ, ಬಂದ ನೆಂಟರೊಬ್ಬರು ಮನೆಗೆ ಏನಾದರೂ ದೋಷ ಉಂಟಾ ಎಂದು ವಿಚಾರಿಸಿದರಂತೆ. ಅಪ್ಪ ಮಗನನ್ನು ಕರೆದುಕೊಂಡು ಹೋಗಿ ಕಳಸದ ಭಾಗೀರಥಿ ಟೀಚರಿಗೆ ಒಪ್ಪಿಸಿದರು.

ಟೀಚರ್ ಹಗಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು, ಸಂಜೆ ಮನೆಯಲ್ಲಿ ಸಂಗೀತ, ಶನಿವಾರ ಹೆಂಗಸರ ಮಂಡಳಿಯ ಭಜನೆ. ಎಡಗೈಯಲ್ಲಿ ಹಾರ್ಮೋನಿಯಂಗೆ ಗಾಳಿ ತುಂಬುವ ತಿದಿ ಒತ್ತುತ್ತ, ಬಲಗೈಯಲ್ಲಿ ನುಡಿಸುತ್ತ, ಯಾರ ಹಂಗೂ ಇಲ್ಲದೆ ಹಾಡುವವರು. ರವಿಶಂಕರನಿಂದ ಒಂದು ಸಾಲು ಹಾಡಿಸಿ ನೋಡಿ ಅವರು ಹೇಳಿದರು:

‘ಮಾಣಿ, ನಿನ್ನ ಗಂಟಲು ದೇವರು ಅರ್ಧಕ್ಕೆ ಬಿಟ್ಟು ಎದ್ದುಹೋದ ಕೆಲಸ. ಕಿವಿ ಮಾತ್ರ ಪೂರ್ತಿ ಮಾಡಿದ್ದಾನೆ. ನೀನು ಹಾಡೋದು ಬೇಡ. ಪೆಟ್ಟಿಗೆ ಪಕ್ಕ ಕೂತು ಕೇಳು.’

ಬೇರೆ ಮಕ್ಕಳಾದರೆ ಅಳುತ್ತಿದ್ದರು. ಇವನು ಕೂತ. ಹಾರ್ಮೋನಿಯಂನ ಮರಕ್ಕೆ ಎಡಗಿವಿ ಒತ್ತಿ, ಪಾಠ ಮುಗಿಯುವವರೆಗೆ ಅಲ್ಲೇ ಇದ್ದ. ಇವನಿಗೆ ಬೈಯದೆ ಒಂದು ಜಾಗ ತೋರಿಸಿಕೊಟ್ಟವರು ಜಗತ್ತಿನಲ್ಲಿ ಅವರೊಬ್ಬರೇ. ಆ ಋಣ ದೊಡ್ಡದು, ಮುಂದೆ ಅದರಿಂದಲೇ ಎಲ್ಲ ಅನಾಹುತವೂ ಆಯಿತು.

ನಮ್ಮ ಕಡೆ ಮಳೆಗಾಲದಲ್ಲಿ ಹಾರ್ಮೋನಿಯಂ ಇಟ್ಟುಕೊಳ್ಳುವುದೆಂದರೆ ಬಾಣಂತಿಯನ್ನು ನೋಡಿಕೊಂಡ ಹಾಗೆ. ಕಂಬಳಿ ಹೊದಿಸಬೇಕು, ಗಾಳಿಗೆ ಬಿಡಬಾರದು, ಕಪಾಟಿನಲ್ಲಿ ಅದರ ಪಕ್ಕ ಸಣ್ಣದೊಂದು ಬಲ್ಬು ಸದಾ ಉರಿಯುತ್ತಿರಬೇಕು. ಕರೆಂಟು ಹೋದರೆ ಎತ್ತಿಕೊಂಡು ಒಲೆಯ ಹತ್ತಿರ ಓಡಬೇಕು. ಇಷ್ಟಾದರೂ ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳಿಗೆ ಕಿಲುಬು ಹಿಡಿದು ಸ್ವರ ಇಳಿಯುತ್ತದೆ. ಟೀಚರ ಪೆಟ್ಟಿಗೆಯಲ್ಲಿ ಹಾಗೆ ಇಳಿದದ್ದು ಗಾಂಧಾರ, ಅಂದರೆ ಸರಿಗಮದ ಮೂರನೆಯ ಸ್ವರ. ರಿಪೇರಿಗೆಂದು ಅದು ಮಂಗಳೂರಿಗೆ ಹೋಗಿ ಸರಿಯಾಗಿ, ಘಟ್ಟ ಹತ್ತಿ ಬರುವಷ್ಟರಲ್ಲಿ ಮತ್ತೆ ಇಳಿದಿತ್ತು. ತಿದಿಯಲ್ಲೂ ಎಲ್ಲೋ ಒಂದು ತೂತು. ಪ್ರತಿ ಸಾಲಿಗೆ ಮೊದಲು ಪೆಟ್ಟಿಗೆ ಅಜ್ಜಿಯ ಹಾಗೆ ಉಸ್ಸೆನ್ನುತ್ತಿತ್ತು. ಕಳಸದಲ್ಲಿ ಬೆಳೆದ ನಮಗೆಲ್ಲ ಭಜನೆಯೆಂದರೆ ಆ ಉಸ್ಸು, ಸ್ವಲ್ಪ ಕುಸಿದು ಕೂತ ಆ ಗಾಂಧಾರ. ಬೇರೆ ಊರಲ್ಲಿ ಸರಿಯಾದ ಗಾಂಧಾರ ಕೇಳಿದರೆ, ಇವರಿಗೆಂತ ಇಷ್ಟು ಜಂಬ ಅನ್ನಿಸುತ್ತಿತ್ತು.

ರವಿಶಂಕರ ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಊರಿಗೇ ಬಂದು ಸೊಸೈಟಿಯ ಕಂಪ್ಯೂಟರ್ ಮುಂದೆ ಕೂತ. ಅಡಿಕೆ, ಮೆಣಸು, ಗೊಬ್ಬರದ ಬಿಲ್ಲು ಮಾಡುತ್ತ ಅವನ ಜೀವನ ಸುಖವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಒಂದು ಬೇಸಗೆ ಟೀಚರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಎಡಗೈ ಮರಳಲಿಲ್ಲ.

ಮಂಡಳಿಯ ಸುಕನ್ಯಾ ಪಕ್ಕ ಕೂತು ತಿದಿ ಒತ್ತಿದಳು. ಟೀಚರ್ ಎರಡು ಸಾಲು ಹಾಡಿ ನಿಲ್ಲಿಸಿದರು.

‘ಉಸಿರು ನಿನ್ನದು, ಹಾಡು ನನ್ನದು ಆದ್ರೆ ಹೇಗಮ್ಮ ಸುಕನ್ಯಾ? ನೀನು ನಿಟ್ಟುಸಿರು ಬಿಟ್ಟಾಗೆಲ್ಲ ನಾನು ಸಾಲು ಮುಗಿಸ್ಬೇಕಾಗ್ತದೆ.’

ಆಮೇಲೆ ಅವರು ಹಾಡಲಿಲ್ಲ. ಶನಿವಾರ ಮಂಡಳಿಯವರು ಹಾಡುವಾಗ ಬಲಗೈಯಲ್ಲಿ ತೊಡೆಗೆ ತಾಳ ಹಾಕುತ್ತ ಕೂರುತ್ತಿದ್ದರು. ‘ಗಂಟಲು ಕೂತಿದೆ’ ಎನ್ನುತ್ತಿದ್ದರು. ಕೂತದ್ದು ಗಂಟಲಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಟೀಚರನ್ನು ಮತ್ತೆ ಹಾಡಿಸಬೇಕು. ರವಿಶಂಕರನ ಬದುಕಿಗೆ ಇನ್ನೊಂದು ಗುರಿ ಉಳಿಯಲಿಲ್ಲ. ಮೊದಲನೆಯ ದಂಡಯಾತ್ರೆಯಲ್ಲಿ ಅವನು ಹಾರ್ಮೋನಿಯಂನ ತಿದಿಗೆ ಗ್ರೈಂಡರಿನ ಮೋಟರು ಜೋಡಿಸಿದ. ಟೀಚರ್ ಹಾಡಿದ್ದು ಪಕ್ಕದ ಕೋಣೆಗೂ ಕೇಳಿಸಲಿಲ್ಲ, ಮೋಟರು ಹಾಡಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಮುದಿ ತಿದಿ ಹರಿದು, ಒಳಗಿನ ಹಲಗೆಯೂ ಸೀಳಿ ಪೆಟ್ಟಿಗೆ ಅಲ್ಲಿಗೇ ವೀರಮರಣವನ್ನಪ್ಪಿತು. ಸುಕನ್ಯಾ ಅತ್ತಳು. ಟೀಚರ್ ಮಾತ್ರ, ‘ಹೋಗ್ಲಿ ಬಿಡು ಮಾಣಿ, ಅದಕ್ಕೂ ವಯಸ್ಸಾಗಿತ್ತು’ ಎಂದು ಕಾಫಿ ಕೊಟ್ಟು ಕಳಿಸಿದರು. ಆ ದನಿಯಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು. ಆ ಪ್ರಸಿದ್ಧ ಕಿವಿಗೆ ಅದು ಬೀಳಲಿಲ್ಲ.

ಮಂಗಳೂರಿನಿಂದ ಒಂದು ಕೀಬೋರ್ಡ್ ತಂದುಕೊಟ್ಟರೆ ಆಗುತ್ತಿರಲಿಲ್ಲವೇ ಎಂದು ನಾವೆಲ್ಲ ಕೇಳಿದೆವು. ರವಿಶಂಕರ ನಮ್ಮನ್ನು ಕನಿಕರದಿಂದ ನೋಡಿದ.

‘ಅದರಲ್ಲಿ ಹಾರ್ಮೋನಿಯಂ ಉಂಟು. ಟೀಚರ ಹಾರ್ಮೋನಿಯಂ ಇಲ್ಲ.’

ಹೀಗೆ ಮಹಾಕಾವ್ಯ ಶುರುವಾಯಿತು. ಅವನು ಕಂಪ್ಯೂಟರಿನೊಳಗೆ ವಾದ್ಯ ಮಾಡಲು ಹೊರಟ. ಇಂಥವು ಜಗತ್ತಿನಲ್ಲಿ ಬೇಕಾದಷ್ಟಿವೆ. ಸಾಫ್ಟ್‌ವೇರ್ ಸಿಂಥಸೈಸರ್ ಎಂದು ಹೆಸರು. ಮರವಿಲ್ಲ, ರೀಡಿಲ್ಲ, ತಿದಿಯಿಲ್ಲ. ಲ್ಯಾಪ್‌ಟಾಪಿಗೆ ಪುಟ್ಟ ಕೀಬೋರ್ಡ್ ಸಿಕ್ಕಿಸಿ ಒಂದೇ ಕೈಯಲ್ಲಿ ನುಡಿಸಬಹುದು. ದೊಡ್ಡ ಕಂಪನಿಗಳು ಒಳ್ಳೆಯ ವಾದ್ಯ ತಂದು, ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಒಳಗೆ ತುಂಬುತ್ತವೆ. ರವಿಶಂಕರನ ಹತ್ತಿರ ರೆಕಾರ್ಡ್ ಮಾಡಲು ವಾದ್ಯವೇ ಉಳಿದಿರಲಿಲ್ಲ. ಕಿವಿಯಲ್ಲಿ ಉಳಿದಿತ್ತು. ಅವನು ನೆನಪಿನಿಂದ ಲೆಕ್ಕ ಬರೆದು ದನಿಯನ್ನು ಹುಟ್ಟಿಸಲು ಕೂತ. ರೀಡು ಹೇಗೆ ನಡುಗುತ್ತದೆ, ಗಾಳಿ ಕಡಿಮೆಯಾದಾಗ ಸ್ವರ ಹೇಗೆ ಸೊರಗುತ್ತದೆ, ಎಲ್ಲಕ್ಕೂ ಒಂದೊಂದು ಲೆಕ್ಕ. ತಿದಿಯ ಉಸ್ಸು ಒಂದಕ್ಕೇ ಇಡೀ ಮಳೆಗಾಲ ಹಿಡಿಯಿತು. ಗಣಿ ಮುಚ್ಚಿ ಕುದುರೆಮುಖದ ಕ್ವಾರ್ಟರ್ಸ್ ಖಾಲಿಯಾದಾಗ ಯಾರೋ ತಂದು ಮಾರಿದ್ದ ಕಬ್ಬಿಣದ ಮೇಜು ಅವನ ಯುದ್ಧಭೂಮಿ. ಅದರ ಮೇಲೆ ಲ್ಯಾಪ್‌ಟಾಪ್, ಹೆಡ್‌ಫೋನು, ಗಾನಶ್ರೀ ತಂದಿಟ್ಟು ಆರಿಹೋದ ಕಾಫಿ.

ಗಾಂಧಾರವನ್ನು ಅವನು ಕೊನೆಗೆ ಉಳಿಸಿಕೊಂಡ, ಮಕ್ಕಳು ಊಟದ ಕೊನೆಗೆ ಹಪ್ಪಳ ಉಳಿಸಿಕೊಂಡ ಹಾಗೆ. ಎಷ್ಟು ಕುಸಿದಿತ್ತೋ ಅಷ್ಟೇ ಕುಸಿಯಬೇಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಬಾರದು. ಅದು ಸರಿಯಾಗಿ ಕೂತ ದಿನ, ಜೊತೆಗೇ ಬೆಳೆದ ನನ್ನನ್ನು ಕರೆದು ಕೇಳಿಸಿದ. ಕಣ್ಣು ಮುಚ್ಚಿದೆ. ಶನಿವಾರದ ಸಂಜೆ, ಕಂಬಳಿಯ ವಾಸನೆ, ಟೀಚರ ಬಳೆಯ ಸದ್ದು, ಎಲ್ಲ ಬಂದು ಎದುರಿಗೆ ಕೂತವು. ಇನ್ನು ಇವನನ್ನು ಹಿಡಿಯುವವರಿಲ್ಲ ಎಂದುಕೊಂಡೆ.

ಅದಕ್ಕೆ ‘ಭಾಗೀರಥಿ’ ಎಂದು ಹೆಸರಿಟ್ಟ. ಮೊದಲು ಜಗತ್ತಿಗೆ ಬಿಡೋಣ, ನಾಲ್ಕು ಜನ ನುಡಿಸಿ ತಪ್ಪು ಹೇಳಲಿ, ತಿದ್ದಿ ಆಮೇಲೆ ಟೀಚರಿಗೆ ಒಪ್ಪಿಸೋಣ ಎಂದು ಅವನ ಲೆಕ್ಕ. ಲೋಕಾರ್ಪಣೆ ನಡೆದದ್ದು ಸಂಸೆಯ ಟೀ ತೋಟದ ಮೇಲಿನ ದಿಬ್ಬದಲ್ಲಿ, ಏಕೆಂದರೆ ನೆಟ್‌ವರ್ಕು ಅಲ್ಲಿಯವರೆಗೆ ಮಾತ್ರ ಬರುತ್ತದೆ. ಗಾನಶ್ರೀ ಕೊಡೆ ಹಿಡಿದಳು, ನಾನು ಲ್ಯಾಪ್‌ಟಾಪ್ ಹಿಡಿದೆ, ಒಂದು ಎಮ್ಮೆ ಸಾಕ್ಷಿಯಾಗಿ ನಿಂತಿತು. ಅಪ್‌ಲೋಡ್ ಮುಗಿಯುವಷ್ಟರಲ್ಲಿ ಎಮ್ಮೆ ಆಸಕ್ತಿ ಕಳೆದುಕೊಂಡು ಹೋಗಿತ್ತು.

ಮಾರುಕಟ್ಟೆಯಲ್ಲಿ ಭಾಗೀರಥಿಗೆ ಸಿಕ್ಕ ಸ್ವಾಗತವೂ ಹೆಚ್ಚುಕಡಿಮೆ ಎಮ್ಮೆಯದೇ. ಫಿನ್ಲೆಂಡಿನಲ್ಲಿ ಒಬ್ಬ ಕೊಂಡ. ‘ಇದರಲ್ಲಿ ಯಾರೋ ಮುದುಕಿ ಉಸಿರಾಡುತ್ತಿದ್ದಾಳೆ, ನನಗೆ ತುಂಬ ಇಷ್ಟ’ ಎಂದು ಬರೆದ. ಆ ಒಂದು ಇಮೇಲಿನ ಮೇಲೆ ರವಿಶಂಕರ ಒಂದು ತಿಂಗಳು ಬದುಕಿದ. ಉಳಿದವರು ಬರೆದದ್ದು ಒಂದೇ ಮಾತು, ಸ್ವರ ತಪ್ಪಿದೆ. ಸಾಗರದ ಭಜನಾ ಮಂಡಳಿಯವರು ದುಡ್ಡು ವಾಪಸು ಕೇಳಿದರು. ಅದೇ ಹೊತ್ತಿಗೆ ವಿದೇಶದ ದೊಡ್ಡ ಕಂಪನಿಯೊಂದು ಭಾರತದ ವಾದ್ಯಗಳ ಒಂದು ಸೆಟ್ಟು ತಂದಿತು. ಹಾರ್ಮೋನಿಯಂ, ಸಿತಾರು, ತಬಲ, ಜೊತೆಗೆ ನಮಗೇ ಹೆಸರು ಗೊತ್ತಿಲ್ಲದ ಹಲವು. ಅದರ ಜಾಹೀರಾತಿನಲ್ಲಿ ಬೆಟ್ಟದ ಮೇಲೆ ಮಂಜು, ಮಂಜಿನೊಳಗಿಂದ ಒಬ್ಬ ಸುಂದರಿ. ಮಂಜು ನಮ್ಮಲ್ಲೂ ಇತ್ತು, ಖರ್ಚಿಗೆ ಮಾತ್ರ ಏನೂ ಇರಲಿಲ್ಲ.

‘ಯಾರ ಜೊತೆ ಯುದ್ಧ ಅಂತ ಗೊತ್ತುಂಟಾ ನಿಮಗೆ?’ ಎಂದಳು ಗಾನಶ್ರೀ. ‘ಅವರ ಆಫೀಸಲ್ಲಿ ಕಾಫಿ ಮಾಡೋಕೇ ಬೇರೆ ಜನ ಇರ್ತಾರೆ. ಇಲ್ಲಿ ಪ್ರೋಗ್ರಾಂ ಬರೆಯೋದೂ ನೀವೇ, ಮಾರೋದೂ ನೀವೇ, ಬೈಸ್ಕೊಳ್ಳೋದೂ ನೀವೇ.’

‘ಕಾಫಿ ನೀನು ಮಾಡ್ತೀಯಲ್ಲ.’

‘ಹಾಗಾದ್ರೆ ನಿಮ್ಮ ಕಂಪನಿಯಲ್ಲಿ ಸರಿಯಾಗಿ ನಡೀತಿರೋದು ನನ್ನ ಡಿಪಾರ್ಟ್‌ಮೆಂಟು ಒಂದೇ.’

ಮೂಡಿಗೆರೆಯ ಸುಪ್ರೀತ್ ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ರವಿಶಂಕರನ ಮೇಲೆ ಅಭಿಮಾನ ಇದ್ದವನು. ಅವನು ಬಂದು ಕೇಳಿದ.

‘ರವಿಯಣ್ಣ, ಆ ಒಂದು ಗಾಂಧಾರ ಸ್ವಲ್ಪ ಮೇಲೆತ್ತಿಬಿಡು. ಉಳಿದದ್ದೆಲ್ಲ ಅವರದಕ್ಕಿಂತ ಚೆನ್ನಾಗುಂಟು. ನಮ್ಮ ಕಡೆ ಇರೋ ಕೀಬೋರ್ಡಿನವರಿಗೆಲ್ಲ ನಾನೇ ಹೇಳಿ ಕೊಡಿಸ್ತೇನೆ.’

‘ಎತ್ತಿದ್ರೆ ಅದು ಟೀಚರ ಪೆಟ್ಟಿಗೆ ಆಗ್ತದಾ?’

‘ಬೇಡ, ಮನೆಗೊಂದು ಹಾಗೆ ಇಟ್ಕೊ, ಮಾರೋಕೊಂದು ಸರಿ ಮಾಡು.’

‘ಟೀಚರ ಹೆಸರಿಟ್ಟು ಬೇರೆ ಯಾರನ್ನೋ ಮಾರೋದಾ ಮಾರಾಯ?’

ಸುಪ್ರೀತ್ ಕೈಚೆಲ್ಲಿದ. ಹೋಗುವ ಮೊದಲು, ವೈರಿಯನ್ನು ಒಮ್ಮೆ ಕೇಳಿಯಾದರೂ ನೋಡು ಎಂದು ದೊಡ್ಡ ಕಂಪನಿಯ ಹಾರ್ಮೋನಿಯಂ ಅನ್ನು ಅವನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ರವಿಶಂಕರ ಒಂದು ಸಲ ಕೇಳಿದ. ‘ಚೆನ್ನಾಗುಂಟು’ ಎಂದ. ‘ಇದಕ್ಕೆ ಯಾವತ್ತೂ ಮಳೆ ಬಿದ್ದಿಲ್ಲ.’

ಕೊಳ್ಳುವವರು ನಿಂತರು. ಫಿನ್ಲೆಂಡಿನವನೂ ಮೌನವಾದ. ರವಿಶಂಕರನಿಗೆ ಅದರ ಚಿಂತೆ ಹೆಚ್ಚಿರಲಿಲ್ಲ. ಜಗತ್ತು ಬೇಡವೆಂದರೆ ಜಗತ್ತಿಗೇ ನಷ್ಟ, ಅವನು ಮಾಡಿದ್ದು ಒಬ್ಬರಿಗಾಗಿ. ಆ ಒಬ್ಬರು ಇನ್ನೂ ಕೇಳಿರಲಿಲ್ಲ.

ತುಳಸಿ ಪೂಜೆಯ ಸಂಜೆ ಟೀಚರ ಮನೆಯ ಅಂಗಳದಲ್ಲಿ ಭಜನೆ. ಮಂಡಳಿಯ ಹೆಂಗಸರು ಚಾಪೆ ಹಾಸಿ ಕೂತಿದ್ದರು. ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ಸಿಕ್ಕಿಸಿ ದೀಪ ಹಚ್ಚಿಯಾಗಿತ್ತು. ರವಿಶಂಕರ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಲ್ಯಾಪ್‌ಟಾಪನ್ನು ಮದುಮಗಳ ಹಾಗೆ ಮೆಲ್ಲಗೆ ನಡೆಸಿಕೊಂಡು ಬಂದ. ಸುಪ್ರೀತ್ ಸ್ಪೀಕರ್ ಜೋಡಿಸಿದ. ಗಾನಶ್ರೀ ನನ್ನ ಪಕ್ಕ ನಿಂತು, ‘ನನ್ನ ಮದುವೆ ದಿನ ಈ ಮನುಷ್ಯ ಇಷ್ಟು ಹೆದರಿರಲಿಲ್ಲ’ ಎಂದಳು. ಹೇಳುವಾಗ ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು.

ಪುಟ್ಟ ಕೀಬೋರ್ಡನ್ನು ಟೀಚರ ಮುಂದಿಟ್ಟು ರವಿಶಂಕರ ಹೇಳಿದ: ‘ಟೀಚರ್, ತಿದಿ ಒತ್ತೋದು ಬೇಡ. ಬಲಗೈ ಒಂದು ಸಾಕು. ಹಾಡಿ.’

ಟೀಚರ್ ಬೆರಳಿಟ್ಟರು. ಸ್ಪೀಕರಿನಿಂದ ಮೊದಲು ಆ ಉಸ್ಸು ಬಂತು. ಸುಕನ್ಯಾ ಬಾಯಿಗೆ ಕೈ ಇಟ್ಟುಕೊಂಡಳು. ಅಂಗಳದಲ್ಲಿದ್ದವರೆಲ್ಲ ಸತ್ತುಹೋದ ಪೆಟ್ಟಿಗೆ ಎದ್ದು ಬಂತೇ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಟೀಚರ್ ಹಾಡತೊಡಗಿದರು. ದನಿ ನಡುಗುತ್ತಿತ್ತು, ಆದರೂ ಇತ್ತು. ಮೊದಲ ಸಾಲು ಮೇಲೆ ಹತ್ತಿ ಗಾಂಧಾರಕ್ಕೆ ಬಂದಾಗ ಒಡೆಯಿತು. ಅವರು ನಿಲ್ಲಿಸಿ ಮತ್ತೆ ಹಿಡಿದರು. ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಮೂರನೆಯ ಸಲ ಬೆರಳು ತೆಗೆದು, ಆ ಒಂದು ಸ್ವರವನ್ನು ಮಾತ್ರ ಒತ್ತಿ ಕೇಳಿದರು. ಆಮೇಲೆ ನಕ್ಕರು.

‘ಅಲ್ಲ ಮಾಣಿ, ಈ ದರಿದ್ರ ಗಾಂಧಾರ ಇದರೊಳಗೂ ಬಂತಾ?’

‘ನಿಮ್ಮ ಪೆಟ್ಟಿಗೆದೇ ಟೀಚರ್’ ಎಂದ ರವಿಶಂಕರ. ಮುಖದಲ್ಲಿ ಇನ್ನೂ ಹೆಮ್ಮೆ ಇತ್ತು. ‘ಇದ್ದ ಹಾಗೇ ಇಟ್ಟಿದ್ದೇನೆ.’

‘ಗೊತ್ತಾಯ್ತು ಮಾರಾಯ. ಇಷ್ಟು ವರ್ಷ ಪೆಟ್ಟಿಗೆ ಅದನ್ನ ಕೆಳಗೆ ಹಾಕೋದು, ನಾನು ಗಂಟಲಲ್ಲಿ ಎತ್ತಿ ಹಿಡಿಯೋದು. ಹೊಸ ಪೆಟ್ಟಿಗೆ ಕೊಳ್ಳೋಕೆ ಆಗ್ಲಿಲ್ಲ, ಏನು ಮಾಡೋದು, ಎತ್ತಿಕೊಂಡೇ ಹಾಡಿದೆ. ಈಗ ಗಂಟಲಲ್ಲಿ ಅಷ್ಟು ಬಲ ಇಲ್ಲ.’

ಬೈಗುಳವಿರಲಿಲ್ಲ, ದೂರೂ ಇರಲಿಲ್ಲ. ಕಾಲು ನೋಯುತ್ತದೆ, ಮೆಟ್ಟಿಲು ಹತ್ತುವುದಿಲ್ಲ ಎನ್ನುವ ಹಾಗೆ ಹೇಳಿದರು. ಕೀಬೋರ್ಡನ್ನು ಮೆಲ್ಲಗೆ ಸವರಿ ಸುಕನ್ಯಾಳ ಕಡೆಗೆ ತಳ್ಳಿದರು. ‘ನೀವು ಹಾಡಿ. ನಾನು ತಾಳ ಹಾಕ್ತೇನೆ.’

ರವಿಶಂಕರ ಮಂಡಿಯೂರಿ ಕೂತಿದ್ದವನು ಕೂತೇ ಇದ್ದ. ಟೀಚರ್ ಹಾಡಿದಷ್ಟು ಕಾಲವೂ ಅವನು ಪೆಟ್ಟಿಗೆಯ ಪಕ್ಕದಲ್ಲೇ ಇದ್ದ, ಪೆಟ್ಟಿಗೆಯ ಉಸಿರು ಉಸಿರೂ ಅವನಿಗೆ ಗೊತ್ತಿತ್ತು. ಅದರ ಭಾರವನ್ನು ಒಬ್ಬರು ಗಂಟಲಲ್ಲಿ ಹೊತ್ತು ನಿಂತಿದ್ದರು ಎಂಬುದೊಂದು ಅವನ ಲೆಕ್ಕದಲ್ಲಿ ಇರಲಿಲ್ಲ. ಕೋಸಂಬರಿಯ ಪಾತ್ರೆ ಹಿಡಿದು ಬಂದ ಹೆಂಗಸು ಅಲ್ಲೇ ನಿಂತಳು.

ಆಗ ರವಿಶಂಕರ ಕೈ ಚಾಚಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಭಾಗೀರಥಿಯನ್ನು ಮುಚ್ಚಿದ. ಪರದೆಯ ಮೂಲೆಯಲ್ಲಿದ್ದ ದೊಡ್ಡ ಕಂಪನಿಯ ಹಾರ್ಮೋನಿಯಂ ತೆರೆದ. ಅದು ತೆರೆದುಕೊಳ್ಳಲು ಹೊತ್ತು ತೆಗೆದುಕೊಂಡಿತು, ಶ್ರೀಮಂತರ ಮನೆಯ ಗೇಟಿನ ಹಾಗೆ. ಅವನು ತಾಳ್ಮೆಯಿಂದ ಕಾದ. ಟೀಚರ ಶ್ರುತಿಗೆ ಹೊಂದಿಸಿದ. ಸ್ಪೀಕರಿನ ದನಿಯನ್ನು ಸ್ವಲ್ಪ ತಗ್ಗಿಸಿ, ಕೀಬೋರ್ಡನ್ನು ಸುಕನ್ಯಾಳಿಂದ ತೆಗೆದು ಮತ್ತೆ ಟೀಚರ ಮುಂದಿಟ್ಟ.

‘ಈಗ ನೋಡಿ ಟೀಚರ್.’

ಈ ಸಲ ಉಸ್ಸು ಬರಲಿಲ್ಲ. ನುಣ್ಣಗಿನ ಸ್ವರ ಬಂತು. ಟೀಚರ್ ಗಾಂಧಾರ ಒತ್ತಿದರು, ಅದು ಇರಬೇಕಾದಲ್ಲಿ ಇತ್ತು. ಅದರ ಮೇಲೆ ದನಿಯನ್ನು ಇಟ್ಟರು, ದಣಿದವರು ಗೋಡೆಗೆ ಬೆನ್ನು ಕೊಟ್ಟು ಕೂರುವ ಹಾಗೆ. ಆಮೇಲೆ ಹಾಡು ಪೂರ್ತಿ ಬಂತು. ಅದು ಮುಗಿದು ಇನ್ನೊಂದು ಬಂತು. ಅಷ್ಟು ವರ್ಷ ಅವರ ಹಾಡು ಕೇಳಿದ್ದೆವು, ಹೊರೆಯಿಲ್ಲದೆ ಅವರು ಹೇಗೆ ಹಾಡುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಸುಕನ್ಯಾ ಅಳುತ್ತಲೇ ತಾಳ ಹಾಕಿದಳು. ಮಂಗಳ ಹಾಡುವಾಗ ಅಂಗಳಕ್ಕೆ ಅಂಗಳವೇ ದನಿಗೂಡಿಸಿತು. ರವಿಶಂಕರ ಮಾತ್ರ ಹಾಡಲಿಲ್ಲ. ಲ್ಯಾಪ್‌ಟಾಪಿನ ವಯರು ಸಡಿಲವಿತ್ತು, ಕೊನೆಯವರೆಗೂ ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದ.

ಪ್ರಸಾದವಾಯಿತು. ಟೀಚರ್ ಅವನ ತಲೆಯ ಮೇಲೆ ಬಲಗೈ ಇಟ್ಟು, ‘ಎಂಥ ಪೆಟ್ಟಿಗೆ ಮಾಡಿದ್ದೀಯ ಮಾಣಿ, ಹೊಸ ಜನ್ಮ ಬಂದ ಹಾಗಾಯ್ತು’ ಎಂದರು. ಅವರು ಎರಡೂ ಅವನದೇ ಎಂದುಕೊಂಡಿದ್ದರು. ಮೊದಲನೆಯದು ತಪ್ಪಿತ್ತು, ಹುಡುಗ ಅಲ್ಲೇ ಕೂತು ತಿದ್ದಿದ ಎಂದು ಅವರ ಎಣಿಕೆ. ರವಿಶಂಕರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಾಲಿಗೆ ನಮಸ್ಕಾರ ಮಾಡಿದ. ಸುಪ್ರೀತ್ ಮಾತಾಡಲು ಹೊರಟಾಗ ಗಾನಶ್ರೀ ಅವನ ತೋಳು ಚಿವುಟಿದಳು. ಲ್ಯಾಪ್‌ಟಾಪನ್ನು ಟೀಚರಿಗೇ ಬಿಟ್ಟು ಹೊರಟೆವು.

ಗೇಟಿನ ಹೊರಗೆ ಗಾನಶ್ರೀ ಸ್ಕೂಟರಿನ ಹಿಂದೆ ಹತ್ತಿ ಕೂತಳು. ಇಂಥ ಸಂದರ್ಭದಲ್ಲಿ ಅವಳಿಂದ ಒಂದು ಚುಚ್ಚುಮಾತು ಬರಲೇಬೇಕು. ಬರಲಿಲ್ಲ. ಗಂಡನ ಅಂಗಿಯ ಬೆನ್ನಿಗೆ ಹತ್ತಿದ್ದ ಕುಂಕುಮವನ್ನು ಒರೆಸುತ್ತ ಕೂತಳು. ನನಗೆ ಅಷ್ಟಕ್ಕೆ ಬಿಡಲಾಗಲಿಲ್ಲ. ದೊಡ್ಡದಾಗಿ ಏನಾದರೂ ಹೇಳಬೇಕೆನ್ನಿಸಿ, ರಣರಂಗದಲ್ಲಿ ಬಿದ್ದ ರಥಿಕನನ್ನು ಎಬ್ಬಿಸುವ ಸಾರಥಿಯಂತೆ ಶುರು ಮಾಡಿದೆ: ‘ರವೀ, ಇವತ್ತು ನೀನು ಮಾಡಿದ್ದನ್ನು ಯಾವ ಕಂಪನಿಯೂ ಮಾಡಲಾರದು. ಸೋತವನು ನೀನಲ್ಲ. ಈ ಕ್ಷಣದಲ್ಲಿ ನಿನ್ನ ಮನಸ್ಸಲ್ಲಿ ಏನು ಓಡ್ತಾ ಉಂಟು ಅಂತ ಒಂದು ಮಾತು ಹೇಳು.’

ರವಿಶಂಕರ ಸ್ಕೂಟರಿನ ಕೀ ತಿರುಗಿಸಿದ.

‘ಸುಪ್ರೀತ್ ಹಾಕಿಕೊಟ್ಟದ್ದು ಟ್ರಯಲ್ ವರ್ಷನ್ ಮಾರಾಯ. ಈ ತಿಂಗಳು ಮುಗಿದ್ರೆ ನಿಂತು ಹೋಗ್ತದೆ. ಅಷ್ಟರೊಳಗೆ ಟೀಚರಿಗೆ ಒಂದು ಕೊಂಡು ಹಾಕ್ಬೇಕು.’